ವಿಂಡೋಸ್ 10ರಿಂದ 11ಕ್ಕೆ: ಸಿಎಸ್‌ಎಂ ಆಫ್ ಮಾಡಿದ ಮೇಲೆ ಬೂಟ್ ಆಗ್ತಿಲ್ಲ, ಡಿಸ್ಕಿನಲ್ಲಿ ಮೂರು ಡ್ರೈವ್ ಇವೆ

ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹಾಕಲು ಹೊರಟಿದ್ದೇನೆ. ಅರ್ಧಕ್ಕೇ ನಿಂತಿದೆ, ದಯವಿಟ್ಟು ದಾರಿ ತೋರಿಸಿ.

2018ರಲ್ಲಿ ಅಸೆಂಬಲ್ ಮಾಡಿಸಿದ ಸಿಸ್ಟಮ್. ಐ5-8400, ಎಚ್310 ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಡಿಸ್ಕಿನಲ್ಲಿ ಸಿ, ಡಿ, ಇ ಅಂತ ಮೂರು ಡ್ರೈವ್. 11ಕ್ಕೆ ಸಿಸ್ಟಮ್ ಸರಿಹೊಂದುತ್ತಾ ಅಂತ ನೋಡುವ ಪಿಸಿ ಹೆಲ್ತ್ ಚೆಕ್ ಓಡಿಸಿದಾಗ ಪ್ರೊಸೆಸರ್‌ಗೆ ಹಸಿರು ಗುರುತು ಬಂತು. ಆದರೆ ಟಿಪಿಎಂ 2.0 (ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ತ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಎರಡಕ್ಕೂ ಕೆಂಪು. ಅಂಗಡಿಯಲ್ಲಿ ಕೇಳಿದರೆ, "ಬೋರ್ಡ್ ಹಳೇದಾಯ್ತು, ಹೊಸ ಸಿಸ್ಟಮ್ ತಗೊಂಡುಬಿಡಿ" ಅಂದರು.

ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್ ಪುಟ) ಪಿಟಿಟಿ ಅನ್ನುವ ಇಂಟೆಲ್‌ನ ಟಿಪಿಎಂ ಆನ್ ಮಾಡಿದೆ, ಟಿಪಿಎಂ ಸರಿಯಾಯಿತು. ಸೆಕ್ಯೂರ್ ಬೂಟ್‌ಗೆ ಸಿಎಸ್‌ಎಂ (ಹಳೇ ಬಗೆಯ ಬೂಟ್ ಸೌಲಭ್ಯ) ಆಫ್ ಮಾಡಬೇಕು ಅಂತ ಒಂದು ವಿಡಿಯೋದಲ್ಲಿತ್ತು, ಹಾಗೇ ಮಾಡಿದೆ. ಈಗ ಸ್ವಿಚ್ ಹಾಕಿದರೆ ಸೀದಾ ಬಯಾಸ್‌ಗೇ ಹೋಗುತ್ತೆ. ಬೂಟ್ ಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಹೆಸರೇ ಇಲ್ಲ. ಇ ಡ್ರೈವಿನಲ್ಲಿ ಅಪ್ಪ ವರ್ಷಾನುಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಯಕ್ಷಗಾನ ಪ್ರಸಂಗಗಳಿವೆ. ಅದೇ ಚಿಂತೆ.

ಬೋರ್ಡ್_ಬಡಗಿ

ಮೊದಲು ಅಪ್ಪನಿಗೆ ಸಮಾಧಾನ ಹೇಳಿ ಮೇಡಂ. ಒಂದು ಅಕ್ಷರವೂ ಹೋಗಿಲ್ಲ. ಸಿಎಸ್‌ಎಂ ಮತ್ತೆ ಎನೇಬಲ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಹಳೇ ವಿಂಡೋಸ್ ಎದ್ದು ಬರುತ್ತೆ. ಪಿಟಿಟಿ ಆನ್ ಇರಲಿ, ಅದರಿಂದ ತೊಂದರೆ ಇಲ್ಲ.

ಆಗಿದ್ದು ಇಷ್ಟೇ. ನಿಮ್ಮ ಡಿಸ್ಕ್ ಎಂಬಿಆರ್ ಅನ್ನುವ ಹಳೇ ಪದ್ಧತಿಯಲ್ಲಿದೆ. ಅದರಿಂದ ಬೂಟ್ ಆಗಲು ಲೆಗಸಿ ಮೋಡ್ ಬೇಕು, ಅದನ್ನು ಒದಗಿಸುವುದೇ ಸಿಎಸ್‌ಎಂ. ಅದನ್ನು ಆಫ್ ಮಾಡಿದರೆ ಬೋರ್ಡು ಯುಇಎಫ್‌ಐ ಅನ್ನುವ ಹೊಸ ಮೋಡ್‌ನಲ್ಲಿ ಮಾತ್ರ ಕೆಲಸ ಮಾಡುತ್ತೆ. ಆಗ ಅದು ಹುಡುಕುವುದು ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್ (ಡಿಸ್ಕಿನ ಒಂದು ಹೋಳು), ನಿಮ್ಮ ಡಿಸ್ಕಿನಲ್ಲಿ ಅದೇ ಇಲ್ಲ. ವಿಡಿಯೋದಲ್ಲಿ ಹೇಳಿದ್ದು ಸುಳ್ಳಲ್ಲ, ಕ್ರಮ ಹಿಂದುಮುಂದಾಗಿದೆ. ಮೊದಲು ಡಿಸ್ಕನ್ನು ಜಿಪಿಟಿ ಅನ್ನುವ ಹೊಸ ಪದ್ಧತಿಗೆ ಬದಲಿಸಬೇಕು, ಆಮೇಲೆ ಸಿಎಸ್‌ಎಂ ಆಫ್ ಮಾಡಬೇಕು.

ಇನ್ನೊಂದು ಮಾತು. ಹೊಸ ಸಿಸ್ಟಮ್ ಬೇಡವೇ ಬೇಡ. ಇಂಟೆಲ್‌ನ 8ನೇ ತಲೆಮಾರಿನಿಂದಲೇ ವಿಂಡೋಸ್ 11ಕ್ಕೆ ಮಾನ್ಯತೆ ಇದೆ, ನಿಮ್ಮದು ಅದೇ. ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಪಿಟಿಟಿ ಆಫ್ ಆಗಿ, ಸಿಎಸ್‌ಎಂ ಆನ್ ಆಗಿ ಬರುತ್ತಿತ್ತು. ಎರಡು ಸೆಟ್ಟಿಂಗಿಗೋಸ್ಕರ ಒಳ್ಳೇ ಯಂತ್ರವನ್ನು ಗುಜರಿಗೆ ಹಾಕುವುದು ನನಗಂತೂ ಸಹಿಸಲು ಆಗಲ್ಲ.

ವಿಂಡೋಸ್ ಎದ್ದ ಮೇಲೆ ಇ ಡ್ರೈವನ್ನು ಪೂರ್ತಿ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಇದು ಸುಮ್ನೆ ಹೇಳುವ ಮಾತಲ್ಲ, ಇದಾಗದೆ ಮುಂದಿನ ಹೆಜ್ಜೆ ಬೇಡ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇದನ್ನು ಕೊಡಿ: ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಅಲೌಫುಲ್‌ಓಎಸ್. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು, ಅಲೌ-ಫುಲ್-ಓಎಸ್ ನಡುವೆ ಜಾಗ ಬಿಡಬಾರದು. ಇದು ಬರೀ ಪರೀಕ್ಷೆ, ಡಿಸ್ಕಿನಲ್ಲಿ ಏನನ್ನೂ ಬದಲಿಸಲ್ಲ. ಏನು ಬಂತು ಹೇಳಿ.

ಶರಾವತಿ_ತೀರ

ತುಂಬಾ ಥ್ಯಾಂಕ್ಸ್ ಸರ್. ಸಿಎಸ್‌ಎಂ ಆನ್ ಮಾಡಿದ ಕೂಡಲೇ ಎಲ್ಲಾ ಬಂತು. ಅಪ್ಪನ ಮುಖ ನೋಡಬೇಕಿತ್ತು! ಬ್ಯಾಕಪ್ಪೂ ಆಯಿತು. ಆದರೆ ಆ ಕಮಾಂಡ್ ಕೊಟ್ಟರೆ "ಡಿಸ್ಕ್ ಲೇಔಟ್ ವ್ಯಾಲಿಡೇಷನ್ ಫೇಲ್ಡ್ ಫಾರ್ ಡಿಸ್ಕ್ 0" ಅಂತ ಬರ್ತಿದೆ.

ಬೋರ್ಡ್_ಬಡಗಿ

ಮೂರು ಡ್ರೈವ್ ಅಂದಾಗಲೇ ಅನುಮಾನ ಇತ್ತು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಯಿರಿ. ಕೆಳಗೆ ಡಿಸ್ಕ್ 0 ಸಾಲಿನಲ್ಲಿ ಎಡದಿಂದ ಬಲಕ್ಕೆ ಏನೇನಿದೆ, ಯಾವ ಬಣ್ಣ, ಬರೆಯಿರಿ.

ಶರಾವತಿ_ತೀರ

ಮೊದಲು ಸಿಸ್ಟಮ್ ರಿಸರ್ವ್ಡ್ 500 ಎಂಬಿ. ಆಮೇಲೆ ಸಿ 150 ಜಿಬಿ, ಡಿ 350 ಜಿಬಿ. ಈ ಮೂರರ ಮೇಲೂ ಕಡು ನೀಲಿ ಪಟ್ಟಿ. ಕೊನೆಗೆ ಇ, 431 ಜಿಬಿ. ಅದರ ಪಟ್ಟಿ ತಿಳಿ ನೀಲಿ, ಸುತ್ತ ಹಸಿರು ಗೆರೆ ಇದೆ.

ಬೋರ್ಡ್_ಬಡಗಿ

ಆ ಹಸಿರು ಗೆರೆಯೇ ಅಡ್ಡಿ.

ಎಂಬಿಆರ್ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ ಮಾಡಲು ಆಗಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮೂರು ಪ್ರೈಮರಿ ಆದ ಮೇಲೆ ನಾಲ್ಕನೆಯದು ಮಾಡಹೊರಟರೆ, ಅದು ಒಂದು ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿ, ಅದರೊಳಗೆ ಲಾಜಿಕಲ್ ಡ್ರೈವ್ ಇಡುತ್ತೆ. ನಿಮ್ಮ ಇ ಹಾಗೆ ಹುಟ್ಟಿದ್ದು. ಹಸಿರು ಗೆರೆ ಎಕ್ಸ್‌ಟೆಂಡೆಡ್‌ನ ಗುರುತು. ನಮ್ಮ ಕಡೆ ಅಸೆಂಬಲ್ ಮಾಡಿಕೊಡುವವರು ಸಿ, ಡಿ, ಇ ಅಂತ ಹೋಳು ಮಾಡಿಯೇ ಕೊಡುವುದು ರೂಢಿ, ಹಾಗಾಗಿ ಈ ತೊಂದರೆ ಬೇಕಾದಷ್ಟು ಮನೆಗಳಲ್ಲಿದೆ. ಎಂಬಿಆರ್2ಜಿಪಿಟಿಗೆ ಪ್ರೈಮರಿ ಮೂರಕ್ಕಿಂತ ಜಾಸ್ತಿ ಇರಬಾರದು, ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಇರಲೇಬಾರದು.

ಅಂದರೆ ಇ ಡ್ರೈವ್ ಸದ್ಯಕ್ಕೆ ಹೋಗಬೇಕು. ಅಳಿಸುವ ಮೊದಲು ಬ್ಯಾಕಪ್ಪಿನಿಂದ ಐದಾರು ಪ್ರಸಂಗದ ಫೈಲುಗಳನ್ನು ತೆರೆದು, ಒಳಗಿನ ಅಕ್ಷರ ಓದಿ ನೋಡಿ. ಹೆಸರು ಕಂಡರೆ ಸಾಲದು, ಅಕ್ಷರ ಕಾಣಬೇಕು. ಅಪ್ಪನ ಇಷ್ಟು ವರ್ಷದ ದುಡಿಮೆ ಒಂದೇ ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇರುವುದೂ ಸರಿಯಲ್ಲ. ಡಿ ಡ್ರೈವಿನಲ್ಲಿ ಜಾಗ ಇದ್ದರೆ ಅಲ್ಲೂ ಒಂದು ಪ್ರತಿ ಇಡಿ. ಪಠ್ಯದ ಫೈಲು ತಾನೇ, ಪೆನ್ ಡ್ರೈವಿನಲ್ಲೂ ಹಿಡಿಸುತ್ತೆ.

ಆಮೇಲೆ ಇ ಮೇಲೆ ರೈಟ್ ಕ್ಲಿಕ್, ಡಿಲೀಟ್ ವಾಲ್ಯೂಮ್. ಇಲ್ಲಿಗೆ ಮುಗಿಯಲಿಲ್ಲ, ಇದೇ ಜಾಗದಲ್ಲಿ ಬಹಳ ಜನ ನಿಂತುಬಿಡುತ್ತಾರೆ. ಡಿಲೀಟ್ ಆದ ಮೇಲೆ ತಿಳಿ ಹಸಿರು ಪಟ್ಟಿಯಲ್ಲಿ "ಫ್ರೀ ಸ್ಪೇಸ್" ಅಂತ ಕಾಣುತ್ತೆ. ಅದು ಇನ್ನೂ ಎಕ್ಸ್‌ಟೆಂಡೆಡ್ ಪಾರ್ಟಿಷನ್ನೇ, ಒಳಗೆ ಖಾಲಿ ಅಷ್ಟೇ. ಅದರ ಮೇಲೂ ರೈಟ್ ಕ್ಲಿಕ್ ಮಾಡಿ ಡಿಲೀಟ್ ಪಾರ್ಟಿಷನ್ ಕೊಡಿ. ಪಟ್ಟಿ ಕಪ್ಪಾಗಿ "ಅನ್‌ಅಲೋಕೇಟೆಡ್" ಅಂತ ಬಂದರೆ ಸರಿಹೋಯಿತು. ಈಗ ವ್ಯಾಲಿಡೇಟ್ ಕೊಟ್ಟರೆ ಪಾಸಾಗಬೇಕು.

ಪಾಸಾದರೆ ಮೊದಲು ರಿಏಜೆಂಟ್‌ಸಿ /ಡಿಸೇಬಲ್ ಕೊಡಿ. ವಿಂಡೋಸ್ ಕೆಟ್ಟಾಗ ರಿಪೇರಿಗೆ ಬರುವ ರಿಕವರಿ ಫೈಲು ಎಷ್ಟೋ ಸಲ ಆ ಸಿಸ್ಟಮ್ ರಿಸರ್ವ್ಡ್ ಒಳಗೇ ಇರುತ್ತೆ. ಈ ಕಮಾಂಡ್ ಕೊಟ್ಟರೆ ಅದು ಸಿ ಡ್ರೈವಿಗೆ ವಾಪಸ್ ಬರುತ್ತೆ. ಆಮೇಲೆ ಎಂಬಿಆರ್2ಜಿಪಿಟಿ /ಕನ್ವರ್ಟ್ /ಅಲೌಫುಲ್‌ಓಎಸ್. ಯುಪಿಎಸ್ ಇದೆ ತಾನೇ? ಇಲ್ಲದಿದ್ದರೆ ಕರೆಂಟ್ ನಿಲ್ಲುವ ಹೊತ್ತಲ್ಲದ ಹೊತ್ತು ನೋಡಿ ಮಾಡಿ. ಕೆಲಸ ಬೇಗ ಮುಗಿಯುತ್ತೆ, ಆದರೆ ನಡುವೆ ಕರೆಂಟ್ ಹೋಗಬಾರದು.

ಮುಗಿದ ಮೇಲೆ ರೀಸ್ಟಾರ್ಟ್, ಡಿಲೀಟ್ ಕೀ ಒತ್ತಿ ಬಯಾಸ್, ಸಿಎಸ್‌ಎಂ ಡಿಸೇಬಲ್. ಬೂಟ್ ಪಟ್ಟಿಯಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಅಂತ ಹೊಸ ಹೆಸರು ಬಂದಿರುತ್ತೆ, ಅದೇ ಮೊದಲಿರಲಿ. ವಿಂಡೋಸ್ ಎದ್ದ ಮೇಲೆ ರಿಏಜೆಂಟ್‌ಸಿ /ಎನೇಬಲ್.

ಇದನ್ನು ಓದುವ ಬೇರೆಯವರಿಗೆ ಎರಡು ಎಚ್ಚರಿಕೆ. ತೀರಾ ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್‌ಎಂ ಆಫ್ ಮಾಡಿದಾಗ ಪರದೆಯೇ ಬರದೆ ಇರಬಹುದು. ಆಗ ಕಾರ್ಡ್ ತೆಗೆದು ಬೋರ್ಡಿನದೇ ಡಿಸ್‌ಪ್ಲೇ ಬಳಸಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇರುವವರು ಬಯಾಸ್ ಮುಟ್ಟುವ ಮೊದಲೇ ಅದನ್ನು ಸಸ್ಪೆಂಡ್ ಮಾಡಿ, 48 ಅಂಕೆಯ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಕಡಲೂರ_ಹುಡುಗ

ಬೋರ್ಡ್ ಅಣ್ಣ, ನಡುವೆ ಬಾಯಿ ಹಾಕ್ತಿದ್ದೇನೆ, ಬೇಜಾರಾಗಬೇಡಿ. ನಂದು ಐ3-4130, 4 ಜಿಬಿ ರ‍್ಯಾಮ್. ಟಿಪಿಎಂ ಇಲ್ಲ. ರೂಫಸ್ ಅನ್ನುವ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಪೆನ್ ಡ್ರೈವ್ ಮಾಡುವಾಗ ಟಿಪಿಎಂ ಚೆಕ್ ತೆಗೆದುಹಾಕುವ ಆಯ್ಕೆ ಇದೆಯಲ್ಲ, ಹಾಗೆ 11 ಹಾಕಬಹುದಾ? ಅಮ್ಮ ಬ್ಯಾಂಕಿಂಗ್‌ಗೆ, ಮೇಲ್‌ಗೆ ಬಳಸ್ತಾರೆ.

ಬೋರ್ಡ್_ಬಡಗಿ

ಬೇಜಾರೇನೂ ಇಲ್ಲ ತಮ್ಮ. ಹಾಕಬಹುದು, ಓಡುತ್ತೆ ಕೂಡ. ಆದರೆ ನಾನು ಹಾಕು ಅನ್ನಲ್ಲ. ಮಾನ್ಯತೆ ಇಲ್ಲದ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಬ್ಯಾಂಕಿಂಗ್ ಮಾಡುವ ಅಮ್ಮನ ಸಿಸ್ಟಮ್‌ಗೆ ಮುಖ್ಯವಾಗಿ ಬೇಕಾಗಿರುವುದೇ ಆ ಅಪ್‌ಡೇಟ್ ಅಲ್ವಾ? ಅದರ ಮೇಲೆ 4 ಜಿಬಿಯಲ್ಲಿ 11 ತೆವಳುತ್ತೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೆ ಮನೆ ಬಳಕೆಯವರಿಗೆ ಇಎಸ್‌ಯು (ಹೆಚ್ಚುವರಿ ಅವಧಿಯ ಸೆಕ್ಯುರಿಟಿ ಅಪ್‌ಡೇಟ್) ಅಂತ ಒಂದು ಯೋಜನೆ ಇದೆ, 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು. ವಿಂಡೋಸ್ ಬ್ಯಾಕಪ್ಪಿನಲ್ಲಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಾಗಿಲ್ಲ. ಸೇರುವ ಲಿಂಕ್ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಕಾಣುತ್ತೆ. ಅದು ಮುಗಿದ ಮೇಲೆ ವಿಂಡೋಸ್ ಬದಲು ಲಿನಕ್ಸ್. ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

ಗುಬ್ಬಿ_ನವಿಲು

ಕರೆದರೆ ಬರದೆ ಇರ್ತೀನಾ. ತಮ್ಮ, ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡು. 4 ಜಿಬಿಗೆ ಹಗುರವಾಗಿದೆ, 2029ರ ತನಕ ಬೆಂಬಲ ಇದೆ. ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು, ಇನ್‌ಸ್ಟಾಲ್ ಬಟನ್ ಒತ್ತುವ ತನಕ ಡಿಸ್ಕಿಗೆ ಏನೂ ಆಗಲ್ಲ. ವೈಫೈ, ಪ್ರಿಂಟರ್, ಅಮ್ಮನ ಬ್ಯಾಂಕಿನ ಸೈಟು ಮೂರನ್ನೂ ಹಾಗೇ ಪರೀಕ್ಷೆ ಮಾಡು. ಮೂರೂ ನಡೆದರೆ ಮಾತ್ರ ಇನ್‌ಸ್ಟಾಲ್.

ಕನ್ನಡಕ್ಕೆ ಬೇರೆ ತಂತ್ರಾಂಶ ಹಾಕುವ ಅಗತ್ಯವೇ ಇಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ "ಕನ್ನಡ, ಕಗಪ ಫೊನೆಟಿಕ್" ಅಂತ ಇದೆ, ಸೇರಿಸಿಕೊಂಡರೆ ಮುಗಿಯಿತು. ನುಡಿಯಲ್ಲಿ ಪಳಗಿದ ಕೈಗೆ ಹೊಸದಾಗಿ ಕಲಿಯುವುದು ಏನೂ ಇರಲ್ಲ. ಕನ್ನಡ ಬರಲ್ಲ ಅಂತ ಲಿನಕ್ಸ್ ಬಿಟ್ಟವರನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತೆ. ಕನ್ನಡಕ್ಕೆ ಬೇಕಾದ್ದೆಲ್ಲ ಅಲ್ಲಿ ಯಾವಾಗಿನಿಂದಲೋ ಇದೆ.

ಶರಾವತಿ ಅವರೇ, ನಿಮ್ಮ ತಂದೆಯ ಫೈಲುಗಳ ವಿಚಾರ. ಹಳೇ ನುಡಿಯ ಫೈಲುಗಳಾದರೆ ಅವು ಎಲ್ಲಾ ಯಂತ್ರಗಳಲ್ಲೂ ಓದಬಹುದಾದ ಯುನಿಕೋಡ್ ಆಗಿರಲಿಕ್ಕಿಲ್ಲ. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವಿಚಿತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲ್ ಕೆಟ್ಟಿತು ಅಂತ ಅಳಿಸಿಬಿಡಬೇಡಿ. ಈಗಲೇ ವಿಂಡೋಸ್ ಫೋಲ್ಡರಿನ ಫಾಂಟ್ಸ್ ಒಳಗಿಂದ ನುಡಿ ಹೆಸರಿನ ಫಾಂಟುಗಳನ್ನೆಲ್ಲ ಕಾಪಿ ಮಾಡಿ ಪ್ರಸಂಗಗಳ ಜೊತೆಗೇ ಇಡಿ. ಬಿಡುವಾದಾಗ ಒಂದೊಂದಾಗಿ ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತೆ, ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು. "ಕರ್ಣಪರ್ವ" ಅನ್ನುವ ಒಂದು ಪದದಲ್ಲೇ ಎರಡು ಕಡೆ ಪರೀಕ್ಷೆ ಆಗುತ್ತೆ. ಮೂಲ ಫೈಲನ್ನು ಮಾತ್ರ ಯಾವತ್ತೂ ಅಳಿಸಬೇಡಿ.

ಶರಾವತಿ_ತೀರ

ಆಯ್ತು ಸರ್! ಫ್ರೀ ಸ್ಪೇಸನ್ನೂ ಡಿಲೀಟ್ ಮಾಡಿದ ಮೇಲೆ ವ್ಯಾಲಿಡೇಟ್ ಪಾಸ್. ಕನ್ವರ್ಟ್ ಆಯಿತು, ಸಿಎಸ್‌ಎಂ ಆಫ್ ಮಾಡಿದೆ, ವಿಂಡೋಸ್ 10 ಯುಇಎಫ್‌ಐನಲ್ಲಿ ಎದ್ದಿತು. ಹೆಲ್ತ್ ಚೆಕ್‌ನಲ್ಲಿ ಈಗ ಎಲ್ಲಾ ಹಸಿರು. ಗುಬ್ಬಿ ನವಿಲು ಸರ್, ಫಾಂಟುಗಳನ್ನು ಎತ್ತಿಟ್ಟೆ, ಅಪ್ಪ ನಿಮಗೆ ನಮಸ್ಕಾರ ತಿಳಿಸಲು ಹೇಳಿದರು.

ಎರಡು ಪ್ರಶ್ನೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಎನೇಬಲ್ ಮಾಡಿದರೂ ಪಕ್ಕದಲ್ಲಿ "ನಾಟ್ ಆ್ಯಕ್ಟಿವ್" ಅಂತಿದೆ. ಮತ್ತೆ, 11 ಹಾಕುವಾಗ ಪ್ರೋಗ್ರಾಂಗಳು ಉಳಿಯುತ್ತವಾ?

ಬೋರ್ಡ್_ಬಡಗಿ

ಶಭಾಷ್! ಕಷ್ಟದ ಭಾಗ ಮುಗಿಯಿತು.

ನಾಟ್ ಆ್ಯಕ್ಟಿವ್ ಅಂದರೆ ಕೀಗಳು ಲೋಡ್ ಆಗಿಲ್ಲ. ಅದೇ ಪುಟದಲ್ಲಿ ಸೆಕ್ಯೂರ್ ಬೂಟ್ ಮೋಡನ್ನು ಕಸ್ಟಮ್ ಮಾಡಿ, "ರಿಸ್ಟೋರ್ ಫ್ಯಾಕ್ಟರಿ ಕೀಸ್" ಕೊಡಿ, ಮತ್ತೆ ಸ್ಟ್ಯಾಂಡರ್ಡ್‌ಗೆ ತನ್ನಿ. ಸೇವ್ ಮಾಡಿ ಮತ್ತೆ ಒಳಗೆ ಹೋದರೆ ಆ್ಯಕ್ಟಿವ್ ಅಂತಿರುತ್ತೆ.

ವಿಂಡೋಸ್ ಅಪ್‌ಡೇಟ್‌ನಲ್ಲಿ 11 ಕಾಣಿಸಿದರೆ ಅಲ್ಲಿಂದಲೇ ಹಾಕಿ, ಇಲ್ಲದಿದ್ದರೆ ಮೈಕ್ರೋಸಾಫ್ಟ್ ಸೈಟಿನ ಇನ್‌ಸ್ಟಲೇಷನ್ ಅಸಿಸ್ಟೆಂಟ್. ಎರಡರಲ್ಲೂ ಫೈಲು, ಪ್ರೋಗ್ರಾಂ ಎರಡೂ ಉಳಿಯುತ್ತವೆ, ಲೈಸೆನ್ಸಿಗೆ ದುಡ್ಡಿಲ್ಲ. ಹಾರ್ಡ್ ಡಿಸ್ಕ್ ಆದ್ದರಿಂದ ಹೊತ್ತು ಹಿಡಿಯುತ್ತೆ, ನಿಂತ ಹಾಗೆ ಕಂಡರೂ ಸ್ವಿಚ್ ಆಫ್ ಮಾಡಬೇಡಿ. ಹಾಕಿದ ಮೇಲೆ ಅಪ್ಪನಿಗೆ ಹಿಡಿಸದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ಹಳೇ ವಿಂಡೋಸ್‌ಗೆ ವಾಪಸ್ ಹೋಗಬಹುದು. ಅಲ್ಲಿಯತನಕ ಡಿಸ್ಕ್ ಕ್ಲೀನಪ್ ಮಾಡಬೇಡಿ, ಅದು ಹಳೇ ವಿಂಡೋಸಿನ ಫೋಲ್ಡರನ್ನೇ ಗುಡಿಸಿಹಾಕಬಹುದು.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮುಂದೆ ಒಂದು ಎಸ್‌ಎಸ್‌ಡಿ ಹಾಕಿಸಿ. ಹೊಸ ಸಿಸ್ಟಮ್‌ಗೆ ಕೊಡುವುದರಲ್ಲಿ ಸಣ್ಣ ಪಾಲು ಸಾಕು, ವ್ಯತ್ಯಾಸ ಮಾತ್ರ ಸ್ವಿಚ್ ಹಾಕಿದ ಕೂಡಲೇ ಗೊತ್ತಾಗುತ್ತೆ.

ಇ ಡ್ರೈವ್ ಬೇಕಾದರೆ ಆ ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಕೊಡಿ, ಅಕ್ಷರ ಇ ಅಂತಲೇ ಇಡಿ. ಅಪ್ಪನ ಶಾರ್ಟ್‌ಕಟ್‌ಗಳು ಹಾಗೇ ಕೆಲಸ ಮಾಡುತ್ತವೆ. ಜಿಪಿಟಿಯಲ್ಲಿ ನಾಲ್ಕರ ಮಿತಿ ಇಲ್ಲ, ಹಸಿರು ಗೆರೆಯೂ ಬರಲ್ಲ. ಕನ್ವರ್ಟ್ ಮಾಡುವಾಗ ಸಿ ಡ್ರೈವಿನಿಂದ ಸ್ವಲ್ಪ ಜಾಗ ತೆಗೆದು ಇಎಫ್‌ಐ ಅಂತ ಒಂದು ಹೊಸ ಪಾರ್ಟಿಷನ್ ಆಗಿರುತ್ತೆ. 11 ಹಾಕಿದ ಮೇಲೆ ಸಿ ಪಕ್ಕದಲ್ಲಿ ಒಂದು ಸಣ್ಣ ರಿಕವರಿ ಪಾರ್ಟಿಷನ್ ಕೂಡ ಕಾಣಬಹುದು. ಜಾಗ ಉಳಿಸಲು ಹೋಗಿ ಅವೆರಡನ್ನು ಮುಟ್ಟಬೇಡಿ.