ಪದಚರ್ಚೆ: ದೋಣಿ ಎಳೆಯುತ್ತಿಲ್ಲ, ಫ್ಯಾನು ಗಾಳಿಯನ್ನು ಏನು ಮಾಡುತ್ತದೆ? (ಬೋರ್ಡಿಗೆ, ಭಾನುವಾರದೊಳಗೆ)

ಮಡಗಾಂವಿನಿಂದ:

ಬಳಗಕ್ಕೆ ನಮಸ್ಕಾರ. ಕುಟಬಣ ಜೆಟ್ಟಿಯ ಹತ್ತಿರ ನಮ್ಮ ಭಾವನದು ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ತಗುಲಿಸುವ ಎಂಜಿನ್, ರಿಪೇರಿ ಅಂಗಡಿ. ಬರುವವರಲ್ಲಿ ಸುಮಾರು ಜನ ಕಾರವಾರ, ಅಂಕೋಲೆ ಕಡೆಯವರು. ಸೆಕೆಂಡ್‌ಹ್ಯಾಂಡ್ ದೋಣಿಯನ್ನು ಎಂಜಿನ್ ಸಮೇತ ಕೊಳ್ಳುತ್ತಾರೆ, ವಾರ ಕಳೆಯುವುದರೊಳಗೆ "ಎಳೀತಾ ಇಲ್ಲ" ಅಂತ ಬಂದು ನಿಲ್ಲುತ್ತಾರೆ. ಎಂಜಿನ್ ಬಿಚ್ಚಿಸುವ ಮೊದಲು ತಾವೇ ಏನೇನು ನೋಡಿಕೊಳ್ಳಬಹುದು ಅಂತ ಕೊಂಕಣಿ, ಕನ್ನಡ ಎರಡರಲ್ಲೂ ಬೋರ್ಡು ಬರೆಸಬೇಕಂತೆ. ಪೇಂಟರ್ ಭಾನುವಾರ ಬರುತ್ತಾನೆ.

ಟ್ಯಾಂಕಿನ ಮುಚ್ಚಳದ ಗಾಳಿತೂತು ತೆರೆದಿದೆಯೇ, ಪೆಟ್ರೋಲಿಗೆ ನೀರು ಸೇರಿದೆಯೇ, ಪೆಟ್ರೋಲ್ ಪೈಪಿನ ಕೈಬಲ್ಬ್ ಒತ್ತಿದರೆ ಗಟ್ಟಿಯಾಗುತ್ತದೆಯೇ, ಪ್ಲಗ್ ಕಪ್ಪಾಗಿದೆಯೇ, ದೋಣಿಯ ಅಡಿಗೆ ಚಿಪ್ಪು ಕಟ್ಟಿದೆಯೇ: ಇಷ್ಟು ಸಲೀಸಾಗಿ ಬರೆದೆ. ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ. ಎಂಜಿನ್ ಕಿರುಚುತ್ತದೆ, ಆರ್‌ಪಿಎಂ ಏರುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಇದಕ್ಕೆ ಮೂರು ಕಾರಣ ಇರಬಹುದು. ಒಂದು, ಫ್ಯಾನಿನ (ನೀರಿನಲ್ಲಿ ತಿರುಗಿ ದೋಣಿ ನೂಕುವ ಪ್ರೊಪೆಲರ್) ಒಳಗಿನ ರಬ್ಬರ್ ಬುಷ್ ಜಾರುವುದು. ಎರಡು, ಮೇಲಿನ ಗಾಳಿಯೋ ಎಂಜಿನ್ ಹೊಗೆಯೋ ಫ್ಯಾನಿನ ರೆಕ್ಕೆಗೆ ಬಂದು ಸೇರುವುದು, ಇಂಗ್ಲಿಷಿನ ವೆಂಟಿಲೇಶನ್. ಮೂರು, ರೆಕ್ಕೆಯ ಬೆನ್ನಲ್ಲಿ ಒತ್ತಡ ಇಳಿದು ತಣ್ಣೀರೇ ಕುದಿದು ಗುಳ್ಳೆಯಾಗುವುದು, ಅಂದರೆ ಕ್ಯಾವಿಟೇಶನ್. ಕೊನೆಯ ಎರಡಕ್ಕೂ ಮೆಕ್ಯಾನಿಕ್‌ಗಳು ಒಂದೇ ಹೆಸರು ಹೇಳುತ್ತಾರೆ, ಆದರೆ ಮದ್ದು ಬೇರೆ ಬೇರೆ. ದಯವಿಟ್ಟು ಎರಡು ಚಿಕ್ಕ ಪದ ಕೊಡಿ. ಬೋರ್ಡಿನ ಅಗಲ ಮೂರೇ ಅಡಿ.

ಮಾಟುಂಗದಿಂದ:

ಪ್ರೊಪೆಲರಿಗೆ ‘ನೋದಕ’ ಎಂಬ ಪದ ಈಗಾಗಲೇ ಇರುವಾಗ ‘ಫ್ಯಾನು’ ಎಂದು ಬರೆಯುವುದೇ ಅಪಚಾರ. ಎರಡನೆಯದಕ್ಕೆ ‘ವಾತಾಯನ’, ಮೂರನೆಯದಕ್ಕೆ ‘ಗುಹಿಕಾಕರಣ’. ಫ್ಯಾನಿನ ಮೇಲಿರುವ ತಟ್ಟೆಗೆ ‘ವಾತಾಯನ ನಿರೋಧಕ ಫಲಕ’. ಚರ್ಚೆ ಮುಗಿಯಿತು.

ಪುಣೆಯಿಂದ:

ಮುಗಿಯಲಿಲ್ಲ. ವಾತಾಯನ ಎಂದರೆ ಕಿಟಕಿ. ಮೀನುಗಾರ ತನ್ನ ದೋಣಿಯಲ್ಲಿ ಕಿಟಕಿ ಹುಡುಕುತ್ತಾ ಕೂರಬೇಕೇ?

ಕನ್ನಡದ ಬೇರು ಇರುವಾಗ ಸಂಸ್ಕೃತಕ್ಕೆ ಕೈಚಾಚುವುದೇಕೆ? ಹರಿಗೋಲು ನೋಡಿ. ಹಳಗನ್ನಡದಲ್ಲಿ ‘ಪರಿಗೋಲ್’, ಪಕಾರ ಹಕಾರವಾಯಿತು, ಪದ ಇವತ್ತಿಗೂ ತೇಲುತ್ತಿದೆ. ಅಂಬಿಗನಲ್ಲಿರುವ ‘ಅಂಬಿ’ಯೂ ದೋಣಿಯೇ, 1894ರ ಕಿಟೆಲ್ ನಿಘಂಟು ತೆರೆದು ನೋಡಬಹುದು. ಆದ್ದರಿಂದ ಪ್ರೊಪೆಲರ್ ‘ನೂಕುತಿರುಗಣಿ’, ಕ್ಯಾವಿಟೇಶನ್ ‘ಕುಳಿಗುಳ್ಳೆ’, ವೆಂಟಿಲೇಶನ್ ‘ಗಾಳಿ ಹಿಡಿತ’. ಎಂಜಿನ್‌ಗೆ ಪದ ಕಟ್ಟುತ್ತಿದ್ದೇನೆ, ನಾಳೆ ಕಳಿಸುತ್ತೇನೆ.

ವಾಸ್ಕೊದಿಂದ:

ಮಾರಾಯ್ರೇ, ನಾನು ಕುಮಟೆಯವ, ಹತ್ತು ವರ್ಷ ಬೋಟಿನಲ್ಲಿ ದುಡಿದವ. ‘ನೂಕುತಿರುಗಣಿ’ ಕೊಡಿ ಅಂತ ಅಂಗಡಿಯಲ್ಲಿ ಕೇಳಿದರೆ ನನ್ನನ್ನೇ ಹೊರಗೆ ನೂಕುತ್ತಾರೆ. ಫ್ಯಾನು ಅಂದರೆ ಫ್ಯಾನು.

‘ಗಾಳಿ ಹಿಡಿದಿದೆ’ ಅಂತಂತೂ ಬರೆಯಬೇಡಿ ತಂಗೀ. ನಮ್ಮ ಕಡೆ ಗಾಳಿ ಹಿಡಿದರೆ ಮೆಕ್ಯಾನಿಕ್ ಹತ್ತಿರ ಹೋಗುವುದಿಲ್ಲ, ತಾಯಿತ ಕಟ್ಟಿಸುತ್ತಾರೆ. ಹಳೇ ದೋಣಿ ಬೇರೆ, ಮೊದಲೇ ಅನುಮಾನ ಇರುತ್ತದೆ.

ಇನ್ನು ಕ್ಯಾವಿಟೇಶನ್. ಸಣ್ಣ ಎಂಜಿನ್ನಿನಲ್ಲಿ ಅದು ಬರುವುದು ಹೆಚ್ಚಾಗಿ ಕಲ್ಲಿಗೆ ತಾಗಿ ರೆಕ್ಕೆಯ ಅಂಚು ಮುಕ್ಕಾದಾಗ. ‘ಮುಕ್ಕಾದ ರೆಕ್ಕೆ’ ಅಂತ ಬರೆಯಿರಿ, ಸಾಕು. ಗುಳ್ಳೆ ಹೇಗೆ ಹುಟ್ಟಿತು ಎಂದು ಕಟ್ಟಿಕೊಂಡು ಏನಾಗಬೇಕು?

ಪುಣೆಯಿಂದ:

ಗುಳ್ಳೆ ಒಡೆಯುವಾಗ ಲೋಹದಲ್ಲಿ ಕುಳಿ ಬೀಳುತ್ತದೆ. ‘ಕುಳಿಗುಳ್ಳೆ’ ಕಾರಣವನ್ನೂ ಹೇಳುತ್ತದೆ, ಗುರುತನ್ನೂ ಹೇಳುತ್ತದೆ. ‘ಮುಕ್ಕು’ ಹೇಳುತ್ತದೆಯೇ? ಬಂದರಿನಲ್ಲಿ ನಾಲ್ಕು ಜನ ತಪ್ಪು ಮಾತನಾಡಿದರೆ ಅದು ಕನ್ನಡವಾಗುವುದಿಲ್ಲ.

ಮಾಟುಂಗದಿಂದ:

‘ಬಂದರು’ ಪಾರಸಿ, ಸ್ವಾಮಿ. ‘ಲಂಗರು’ ಪಾರಸಿ. ತಮ್ಮ ಹಿಂದಿನ ಟಪ್ಪಾಲಿನಲ್ಲಿ ಕನ್ನಡದ ‘ಚುಕ್ಕಾಣಿ’ ಹಿಡಿಯಬೇಕು ಎಂದು ಕರೆ ಕೊಟ್ಟಿದ್ದಿರಿ. ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’. ಸಮುದ್ರದ ಮೇಲೆ ಅಚ್ಚಗನ್ನಡ ಬೇಕೆನ್ನುವವರು ಮೊದಲು ಚುಕ್ಕಾಣಿಯನ್ನು ನೀರಿಗೆಸೆದು ಬರಲಿ.

ಪುಣೆಯಿಂದ:

ಹುಟ್ಟು ಕನ್ನಡ. ಜಲ್ಲೆ ಕನ್ನಡ. ಹಾಯಿ ಕನ್ನಡ. ಅರಬ್ಬಿ ಪದವನ್ನು ಕನ್ನಡ ಮೈಗೂಡಿಸಿಕೊಂಡಿತು, ಅಂತ್ಯಸ್ವರ ಕೊಟ್ಟಿತು. ನಿಮ್ಮ ಗುಹಿಕೆಗೆ ಅದೂ ಆಗಿಲ್ಲ.

ವಾಸ್ಕೊದಿಂದ:

ಗೋವೆಯಲ್ಲಿ ಕೂತು ನೋಡಿ. ಎಂಜಿನ್ನಿಗೆ ಚಾವಿ, ತಿಂಗಳಿಗೆ ಪಗಾರ, ಊಟಕ್ಕೆ ಬಟಾಟೆ. ಮೂರೂ ಪೋರ್ತುಗೀಜರು ಬಿಟ್ಟುಹೋದದ್ದು. ಯಾರ ಪಗಾರವೂ ಅದರಿಂದ ಕಮ್ಮಿಯಾಗಿಲ್ಲ. ಆ ತಂಗಿ ಪದ ಕೇಳಿ ಮೂರು ದಿನ ಆಯಿತು.

ಮಡಗಾಂವಿನಿಂದ:

ಮೇಷ್ಟ್ರೇ, ಸರ್, ಅಣ್ಣ, ಮೂವರಿಗೂ ವಂದನೆ. ಪದ ಮನೆಯಲ್ಲೇ ಸಿಕ್ಕಿತು. ಅಮ್ಮ ಬ್ಯಾಡಗಿಯವಳು, ಸಮುದ್ರ ಕಂಡದ್ದೇ ಮದುವೆಯಾದ ಮೇಲೆ. ಮೋಟಾರ್ ತಿರುಗಿದರೂ ಪಂಪಿನಲ್ಲಿ ನೀರು ಬರದಿದ್ದರೆ ನಿಮ್ಮ ಹೊಲದಲ್ಲಿ ಏನೆನ್ನುತ್ತಿದ್ದರು ಅಂತ ಕೇಳಿದೆ. "ಗಾಳಿ ಎಳೀತೈತಿ ಅಂತಿದ್ರು, ಮತ್ತೇನಂತಾರ" ಅಂದಳು. ಹೊಲದಲ್ಲಿ ಪೈಪಿನ ಜಾಯಿಂಟು, ಇಲ್ಲಿ ಫ್ಯಾನು. ನೀರು ಸಿಗಬೇಕಾದ ಕಡೆ ಗಾಳಿ ಸಿಕ್ಕಿದೆ, ಅಷ್ಟೇ.

ಬೋರ್ಡಿನಲ್ಲಿ ಹೀಗೆ ಬರೆಸಿದೆ:

ದೋಣಿ ಎಳೆಯುತ್ತಿಲ್ಲವೇ? ಫ್ಯಾನು ಗಾಳಿ ಎಳೆಯುತ್ತಿರಬಹುದು. ಫ್ಯಾನಿನ ಮೇಲಿನ ತಟ್ಟೆ ದೋಣಿಯ ತಳಕ್ಕೆ ಸಮ ಇದೆಯೇ ನೋಡಿ.
ಫ್ಯಾನಿನ ನಡುವಿನ ಗುಂಡಿನಿಂದ ಹೊರಸುತ್ತಿನವರೆಗೆ ಬಣ್ಣದ ಗೆರೆ ಎಳೆದು ಓಡಿಸಿ. ಗೆರೆ ತುಂಡಾಗಿ ಸರಿದರೆ ಬುಷ್ ಜಾರಿದೆ.
ರೆಕ್ಕೆ ಮುಕ್ಕಾಗಿದ್ದರೆ ಬದಲಿಸಿ.

ಒಂದೇ ಬೋರ್ಡಿನಲ್ಲಿ ‘ಎಳೆ’ ಮೂರು ಸಲ ಬಂತು ಅಂತ ಮೇಷ್ಟ್ರು ಸಿಟ್ಟಾಗಬಹುದು. ‘ಕುಳಿಗುಳ್ಳೆ’ ನನಗೆ ನಿಜಕ್ಕೂ ಹಿಡಿಸಿತು, ಎಲ್ಲಾದರೂ ಪಾಠ ಬರೆಯುವಾಗ ಬಳಸುತ್ತೇನೆ. ಬೋರ್ಡಿಗೆ ಹಿಡಿಸಲಿಲ್ಲ.

ಬಣ್ಣ ಒಣಗುವ ಮೊದಲೇ ಅಂಕೋಲೆಯವರೊಬ್ಬರು ಮೊದಲ ಸಾಲು ಓದಿ, ಟೇಪು ಕೇಳಿ ಇಸಿದುಕೊಂಡು ಹೋದರು. ಅವರ ದೋಣಿಯ ಹಿಂದಿನ ಹಲಗೆ 20 ಇಂಚಿನ ಎಂಜಿನ್ನಿಗೆ ಮಾಡಿದ್ದು, ಮಾರಿದವನು ತಗುಲಿಸಿ ಕೊಟ್ಟದ್ದು 15 ಇಂಚಿನ ಶಾರ್ಟ್ ಶಾಫ್ಟ್, ಅಂದರೆ ಗಿಡ್ಡ ಕಾಲಿನ ಎಂಜಿನ್. ಅಲೆ ಬಂದಾಗೆಲ್ಲ ಫ್ಯಾನು ನೀರಿನ ಮೇಲಕ್ಕೇ ಬರುತ್ತಿತ್ತಂತೆ. ಹಲಗೆ ಕೊಯ್ಯುವುದೋ ಎಂಜಿನ್ ವಾಪಸ್ ಕೊಡುವುದೋ ಅಂತ ಭಾವನ ಜೊತೆ ಮಾತಾಡುತ್ತಿದ್ದಾರೆ.

‘ಶಾಫ್ಟ್’ಗೆ ಕನ್ನಡ ಏನು ಎಂಬುದನ್ನು ದಯವಿಟ್ಟು ಬೇರೆ ಓಲೆಯಲ್ಲಿ ಶುರುಮಾಡಿ.