ಸಹಾಯ ಬೇಕು: ಗ್ರಾಫಿಕ್ ಆತ್ಮಕಥೆಗೆ ಕನ್ನಡ ಕೈಬರಹದವರು
ನಮಸ್ಕಾರ್ರಿ. ವಿಜಯಪುರದ ಹೈಸ್ಕೂಲ್ ಹುಡುಗಿಯರು ತಮ್ಮ ಬದುಕನ್ನು ಕಾಮಿಕ್ಸ್ ರೂಪದಲ್ಲಿ ಹೇಳುವ ಪುಸ್ತಕ ತಯಾರಾಗುತ್ತಿದೆ: ಎ5, ಕಪ್ಪು-ಬಿಳುಪು, 32 ಪುಟ. ಅಕ್ಷರ ಬರೆಯಲು ಒಬ್ಬರು ಬೇಕು.

ಮಾತಿನ ಗುಳ್ಳೆ (ಸ್ಪೀಚ್ ಬಬಲ್) ಮೊದಲು ಬಿಡಿಸಿ ಆಮೇಲೆ ಮಾತು ತುಂಬಿದ್ದರಿಂದ, 'ದೊಡ್ಡಾಕಿ ಆದಿ' ಅಂತ ಅಜ್ಜಿ ಅಂದಕೂಡಲೇ ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯುತ್ತಿದೆ. ಅಕ್ಷರ ಮೊದಲು, ಗುಳ್ಳೆ ಆಮೇಲೆ ಬರಬೇಕು. ಸಾಲಿನ ನಡುವೆ ಒತ್ತಿಗೆ ಜಾಗ ಬಿಡಬೇಕು.

ಇನ್ನೊಂದು, ಇದೇ ಮುಖ್ಯ: ಕಥೆಯ ಹುಡುಗಿಯ 6 ವರ್ಷದ ಮುಖ 16ಕ್ಕೆ ಬಂದಾಗ ಬೇರೆಯವಳೇ ಅನ್ನಿಸುತ್ತದೆ. ಹುಬ್ಬು, ಬೈತಲೆ ಹಾಗೇ ಇಟ್ಟು ಗದ್ದ ಮಾತ್ರ ಉದ್ದ ಮಾಡಿದರೆ ಗುರುತು ಉಳಿಯುತ್ತದೆ. 'ನಾನು ಬದಲಾದೆ' ಅಂತ ಬರೆಯೋದು ಬೇಡ. ಮರ್ಜಾನ್ ಸತ್ರಾಪಿಯವರ ಗ್ರಾಫಿಕ್ ಆತ್ಮಕಥೆ 'ಪರ್ಸೆಪೊಲಿಸ್' ಶುರುವಿನ ತರಗತಿ ಫೋಟೊದಲ್ಲಿ ಹುಡುಗಿ ಎಡ ಅಂಚಿನಾಚೆ ಕತ್ತರಿಸಿಹೋಗಿದ್ದಾಳಲ್ಲ, ಹಾಗೆ ಚೌಕಟ್ಟೇ ಹೇಳಲಿ.

12 ಪುಟ ಬಾಕಿ. ಬೆಳಗಾವಿ, ಬಾಗಲಕೋಟೆಯವರಾದರೂ ನಡೆಯುತ್ತದೆ; ಪುಟಗಳ ಸ್ಪಷ್ಟ ಸ್ಕ್ಯಾನ್ (600 ಡಿಪಿಐ) ಕಳಿಸುತ್ತೇವೆ. ಮಸಿಯಲ್ಲಿ ಬರೆದ ಒಂದು ಸಾಲಿನ ಫೋಟೊ ಇಲ್ಲೇ ಹಾಕ್ರಿ.