ದೂರದ ಗೆಳತಿಗೆ ಫೋನಿನಲ್ಲಿ ಏನು ಹೇಳುವುದು?

ಕಟಪಾಡಿಯವಳು:
ನಾವಿಬ್ಬರೂ ಉಡುಪಿಯಲ್ಲಿ 5 ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು. ಈಗ ಅವಳು ಟೊರೊಂಟೊದಲ್ಲಿ. ಮೊದಲು ಶನಿವಾರ ರಾತ್ರಿ 7.30ಕ್ಕೆ ತಪ್ಪದೆ ಮಾತಾಡುತ್ತಿದ್ದೆವು, ಅವಳಿಗೆ ಬೆಳಿಗ್ಗೆ 10. ಹೋದ ನವೆಂಬರಿನಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ನಾನು ಕರೆದಾಗ ಅವಳಿಗೆ ನಿದ್ದೆ. ಅವಳು ತಿರುಗಿ ಕರೆದಾಗ ನಾನು ಅತ್ತೆಗೆ ಊಟ ಬಡಿಸುತ್ತಿದ್ದೆ. ಹೀಗೇ ತಪ್ಪಿ ತಪ್ಪಿ ನಿಂತೇ ಹೋಯಿತು. ಈಗ ಬರೀ "ಹೇಗಿದ್ದೀ?" "ಆರಾಮ, ನೀನು?" ಜಗಳ ಏನೂ ಇಲ್ಲ. ಹೇಳಲಿಕ್ಕೆ ದೊಡ್ಡ ಸುದ್ದಿ ಎಂತದೂ ಇಲ್ಲ ಅಂತ ನಾನೇ ಸುಮ್ಮನಾಗುತ್ತೇನೆ. ನೀವೆಲ್ಲ ಏನು ಮಾತಾಡುತ್ತೀರಿ?

ಮಣಿಪಾಲದಿಂದ:
ಮೊದಲು ಸಮಯ ಸರಿ ಮಾಡಿಕೊಳ್ಳಿ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಹತ್ತೂವರೆ ಗಂಟೆ ಅಂತರ, ಉಳಿದಂತೆ ಒಂಬತ್ತೂವರೆ. ಚಳಿಗಾಲದಲ್ಲಿ 8.30ಕ್ಕೆ ಕರೆದರೆ ಆಯಿತು. ಊಟ ಸ್ವಲ್ಪ ಬೇಗ ಮುಗಿಸಬೇಕು, ಅಷ್ಟೇ.

ಮಲ್ಪೆ ಹುಡುಗ:
ನಾನು 10 ವರ್ಷ ಮಸ್ಕತ್ತಿನಲ್ಲಿದ್ದೆ. ದೊಡ್ಡ ಸುದ್ದಿ ಮನೆಯವರು ಹೇಗೂ ಹೇಳುತ್ತಾರೆ. ನನಗೆ ಬೇಕಾಗಿದ್ದದ್ದು ಬೇರೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ನನ್ನ ದೋಸ್ತಿ ಬಂದರಿನಿಂದಲೇ ಫೋನ್ ಮಾಡುತ್ತಿದ್ದ. ಯಾವ ಬೋಟು ಹೊರಟಿತು, ಯಾರ ಬಲೆ ಹರಿಯಿತು, ಬಂಗುಡೆಗೆ ಎಷ್ಟು ರೇಟು, ಎಲ್ಲ. ಅವನು ಹರಾಜಿನವರ ಹತ್ತಿರ ಫೋನ್ ಹಿಡಿದರೆ ನಾನು ಮಾತೇ ಆಡದೆ ಕೇಳುತ್ತಾ ಕೂತಿರುತ್ತಿದ್ದೆ. ಅಕ್ಕ, ಹೇಳಲಿಕ್ಕೆ ಏನಿಲ್ಲ ಅಂತ ಸುಮ್ನೆ ಇರಬೇಡಿ.

ಕದ್ರಿಯ ಅಮ್ಮ:
ಒಂದು ಮಾತು ಸೇರಿಸುತ್ತೇನೆ. ನೀವು ಹೇಳುವುದಕ್ಕಿಂತ ಕೇಳುವುದು ಜಾಸ್ತಿ ಇರಲಿ. ನನ್ನ ಮಗಳು ಜರ್ಮನಿಯಲ್ಲಿದ್ದಾಳೆ. "ಹೇಗಿದ್ದೀ" ಅಂದರೆ "ಆರಾಮ" ಅನ್ನುತ್ತಾಳೆ. "ಇವತ್ತು ಸಾರಿಗೆ ಎಂತ ಹಾಕಿದೆ?" ಅಂದರೆ ಅರ್ಧ ಗಂಟೆ ಮಾತಾಡುತ್ತಾಳೆ.

ಕಟಪಾಡಿಯವಳು:
ಎಲ್ಲರಿಗೂ ಉಪಕಾರ. ನಿನ್ನೆ ಪಕ್ಕದ ಮನೆಯವರು ಮಾವಿನ ಮರದಿಂದ ಮರಕೆಸು ಕೊಯ್ದು ಕೊಟ್ಟರು. ಪತ್ರೊಡೆಗೆ ಎಲೆಗೆ ಹಿಟ್ಟು ಹಚ್ಚುತ್ತಾ ಅವಳಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ಹುಣಸೆಹುಳಿ ಜಾಸ್ತಿ ಆದದ್ದನ್ನೂ ಹೇಳಿದೆ. ಕೊನೆಗೆ "ಮಾರಾಯ್ತಿ, ನಿನ್ನ ಅಡುಗೆಮನೆಯಲ್ಲಿ ಈಗ ಎಂತ ನಡೀತಾ ಉಂಟು?" ಅಂತ ಕೇಳಿದೆ. ಬೆಳಿಗ್ಗೆ ನೋಡಿದರೆ 11 ನಿಮಿಷದ ಉತ್ತರ. ಎರಡು ತಿಂಗಳಿಂದ ಅವಳ ನಲ್ಲಿ ಸೋರುತ್ತಾ ಇದೆಯಂತೆ. ರಾತ್ರಿ ಆ ಸದ್ದಿಗೆ ನಿದ್ದೆ ಬರುವುದಿಲ್ಲವಂತೆ. ನನಗೆ ಇದೊಂದೂ ಗೊತ್ತೇ ಇರಲಿಲ್ಲ.